ಕ್ರಿಸ್ಟಿ ರಿಂಗ್ ದೊಡ್ಡವರಾ, ಈಗಿನವರಾ? ಲಿಮರಿಕ್‌ನಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ನಮಸ್ಕಾರ ಸರ್. ನಾವು ಉಡುಪಿ ಕಡೆಯವರು, ಈಗ ಐರ್ಲೆಂಡಿನ ಲಿಮರಿಕ್‌ನಲ್ಲಿದ್ದೇವೆ. ನಾನು ಇಲ್ಲಿ ನರ್ಸ್. ಹತ್ತು ವರ್ಷದ ಮಗ ಶಾಲೆಯಲ್ಲಿ ಹರ್ಲಿಂಗ್ ಅನ್ನೋ ಇಲ್ಲಿನ ಕೋಲು-ಚೆಂಡಿನ ಆಟ ಕಲಿತು ಈಗ ಊರಿನ ಕ್ಲಬ್ ಸೇರಿದ್ದಾನೆ. ಮನೆಯಲ್ಲಿ ದಿನವಿಡೀ ಅದೇ ಮಾತು. ಪಕ್ಕದ ಮನೆಯ ಅಜ್ಜ ಕಾರ್ಕ್ ಕೌಂಟಿಯವರು. ಹಳೇ ಕಾಲದ ಆಟಗಾರ ಕ್ರಿಸ್ಟಿ ರಿಂಗ್ ಹೋದ ಮೇಲೆ ಹರ್ಲಿಂಗೇ ಇಲ್ಲ, ಈಗ ಆಡೋದು ಬೇರೇನೋ ಅಂತಾರೆ. ಮಗ ಬಂದು ನನ್ನನ್ನ ಕೇಳ್ತಾನೆ, ಅಮ್ಮಾ ಅದು ನಿಜಾನಾ ಅಂತ. ನನಗೂ ಈ ಆಟವನ್ನ ಸರಿಯಾಗಿ ತಿಳ್ಕೊಂಡು ನೋಡಬೇಕು ಅಂತ ಆಸೆ. ಆದರೆ ಕೌಂಟಿ, ಕ್ಲಬ್, ಕಪ್ಪು ಎಲ್ಲಾ ಗೋಜಲು. ಹೊರಗಿನಿಂದ ಬಂದ ನಾವು ಲಿಮರಿಕ್ ಜೆರ್ಸಿ ಹಾಕ್ಕೊಂಡು ಹೋದರೆ ಜನ ಏನಂದುಕೊಳ್ತಾರೋ ಅನ್ನೋ ಹಿಂಜರಿಕೆ ಬೇರೆ. ಯಜಮಾನರಿಗಂತೂ ಕೋಲು ಬೀಸೋ ಆಟ, ಕೈಯೋ ಹಲ್ಲೋ ಮುರೀತದೆ ಅನ್ನೋ ಭಯ. ಎಲ್ಲಿಂದ ಶುರು ಮಾಡೋದು?

ಉತ್ತರ: ಮೂರು ಪ್ರಶ್ನೆಗಳನ್ನು ಒಂದರಲ್ಲೇ ಕೇಳಿದ್ದೀರಿ. ಹಳಬರು ನಿಜವಾಗಿಯೂ ಅಷ್ಟು ದೊಡ್ಡವರಾ, ನಾವು ಯಾರ ಕಡೆ ನಿಲ್ಲಬಹುದು, ಮಗುವಿಗೆ ಪೆಟ್ಟಾಗುತ್ತಾ. ನಾನು ವೃತ್ತಿಯಲ್ಲಿ ಫಿಸಿಯೋ, ಐರ್ಲೆಂಡಿನ ದಕ್ಷಿಣದ ಮನ್‌ಸ್ಟರ್ ಪ್ರಾಂತ್ಯದ ಹರ್ಲಿಂಗ್ ಕ್ಲಬ್‌ಗಳ ಜೊತೆ ಕೆಲಸ ಮಾಡುತ್ತೇನೆ. ಅಂದರೆ ನನ್ನ ಸಂಜೆಗಳೆಲ್ಲ ಆಟಗಾರರ ಮಂಡಿ, ತೊಡೆ, ಬೆರಳುಗಳ ಜೊತೆ ಕಳೆಯುತ್ತವೆ, ಪಕ್ಕದಲ್ಲಿ ಯಾರಾದರೂ ಹಿರಿಯರು ಕೂತು 1950ರ ಪಂದ್ಯವೊಂದನ್ನು ನಿನ್ನೆ ಸಂಜೆ ನೋಡಿ ಬಂದವರ ಹಾಗೆ ಹೇಳುತ್ತಿರುತ್ತಾರೆ. ಹಾಗಾಗಿ ನಿಮ್ಮ ಪಕ್ಕದ ಮನೆಯ ಅಜ್ಜ ನನಗೆ ಚೆನ್ನಾಗಿ ಗೊತ್ತಿರುವವರಂತೆಯೇ ಅನಿಸುತ್ತಿದೆ.

ಮೊದಲು ಗೋಜಲು ಬಿಡಿಸೋಣ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಈ ಆಟದಲ್ಲಿ ಬೇರು ಇರುವುದು ಕ್ಲಬ್ಬಿನಲ್ಲಿ, ಕೌಂಟಿಯಲ್ಲಲ್ಲ. ಒಂದು ಚರ್ಚಿನ ವ್ಯಾಪ್ತಿಯ ಊರು, ಅಂದರೆ ಪ್ಯಾರಿಷ್, ಸಾಮಾನ್ಯವಾಗಿ ಒಂದು ಕ್ಲಬ್. ಹುಡುಗ ಎಲ್ಲಿ ಬೆಳೆದನೋ ಆ ಕ್ಲಬ್ಬಿಗೆ ಆಡುತ್ತಾನೆ, ಅಲ್ಲಿ ಚೆನ್ನಾಗಿ ಆಡಿದರೆ ಕೌಂಟಿ ತಂಡಕ್ಕೆ ಕರೆ ಬರುತ್ತದೆ, ಕೌಂಟಿಗೆ ಆಡುತ್ತಲೇ ಕ್ಲಬ್ಬಿಗೂ ಆಡುತ್ತಾನೆ. ಹರಾಜು ಇಲ್ಲ. ಸಂಬಳವೂ ಇಲ್ಲ. ಡಬ್ಲಿನ್‌ನ ಕ್ರೋಕ್ ಪಾರ್ಕ್ ಮೈದಾನದಲ್ಲಿ 82,000 ಜನರ ಮುಂದೆ ಫೈನಲ್ ಆಡಿದವರು ಮತ್ತೆ ತಮ್ಮ ಶಾಲೆಗೋ ಹೊಲಕ್ಕೋ ಆಫೀಸಿಗೋ ಹೋಗುತ್ತಾರೆ. ಓಡಾಟದ ಖರ್ಚು, ಸರ್ಕಾರದ ಸಣ್ಣ ಸಹಾಯಧನ ಸಿಗುತ್ತದೆ, ಅಷ್ಟೇ. ಕೌಂಟಿ ಆಟಗಾರರಿಗೆ ಒಳಗೊಳಗೇ ದೊಡ್ಡ ಸಂಬಳ ಇದೆ ಎಂದು ನಮ್ಮವರು ತುಂಬ ಜನ ನಂಬಿದ್ದಾರೆ. ಅದು ಸುಳ್ಳು. ನನ್ನ ಬಳಿ ಬರುವ ಹುಡುಗರು ಬೆಳಿಗ್ಗೆ ಕೆಲಸ ಮುಗಿಸಿ, ಸಂಜೆ ಕಾರಿನಲ್ಲೇ ಸ್ಯಾಂಡ್‌ವಿಚ್ ತಿಂದುಕೊಂಡು ತಾಲೀಮಿಗೆ ಬರುವವರು.

ಇದನ್ನೆಲ್ಲ ನಡೆಸುವ ಸಂಸ್ಥೆ ಜಿಎಎ, ಅಂದರೆ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್. 1884ರ ನವೆಂಬರ್ 1ರಂದು ಟಿಪ್ಪರರಿ ಕೌಂಟಿಯ ಥರ್ಲೆಸ್ ಪಟ್ಟಣದ ಒಂದು ಹೋಟೆಲಿನಲ್ಲಿ ಶುರುವಾಯಿತು. ಇನ್ನೊಂದು ವಿಷಯ ನಿಮ್ಮ ಮಗನಿಗೆ ಹೇಳಿ, ಅವನಿಗೆ ಖುಷಿಯಾಗುತ್ತದೆ. ಮೊಟ್ಟಮೊದಲ ಅಖಿಲ ಐರ್ಲೆಂಡ್ ಚಾಂಪಿಯನ್‌ಷಿಪ್ 1887ರದ್ದು, ಫೈನಲ್ ನಡೆದದ್ದು 1888ರಲ್ಲಿ. ಆಗ ಕೌಂಟಿ ಹೆಸರಿನಲ್ಲಿ ಆಡಿದ್ದು ಆಯ್ದ ತಂಡಗಳಲ್ಲ, ಆ ಕೌಂಟಿ ಗೆದ್ದ ಕ್ಲಬ್ಬುಗಳೇ. ಟಿಪ್ಪರರಿ ಪರ ಥರ್ಲೆಸ್‌ನವರು, ಗಾಲ್ವೇ ಪರ ಮೀಲಿಕ್‌ನವರು. ಅಂದರೆ ಮೊದಲಿದ್ದದ್ದು ಊರೇ.

ಈಗ ಅಜ್ಜನ ಮಾತಿಗೆ ಬರೋಣ.

ಕ್ರಿಸ್ಟಿ ರಿಂಗ್ ಹುಟ್ಟಿದ್ದು 1920ರಲ್ಲಿ, ಕಾರ್ಕ್ ಕೌಂಟಿಯ ಕ್ಲಾಯ್ನ್ ಎಂಬ ಹಳ್ಳಿಯಲ್ಲಿ. ಹೆಸರು ಮಾಡಿದ್ದು ಕಾರ್ಕ್ ನಗರದ ಗ್ಲೆನ್ ರೋವರ್ಸ್ ಕ್ಲಬ್ಬಿನಲ್ಲಿ. ಹೊಟ್ಟೆಪಾಡಿಗೆ ತೈಲ ಕಂಪನಿಯ ಲಾರಿ ಓಡಿಸುತ್ತಿದ್ದರು. ಕಾರ್ಕ್ ಪರ ಎಂಟು ಸಲ ಅಖಿಲ ಐರ್ಲೆಂಡ್ ಗೆದ್ದರು: 1941ರಿಂದ 44ರವರೆಗೆ ಸತತ ನಾಲ್ಕು, ಆಮೇಲೆ 46, ಮತ್ತೆ 52, 53, 54. ಅದರಲ್ಲಿ ಮೂರು ಸಲ ಅವರೇ ನಾಯಕ. ಪ್ರಾಂತ್ಯಗಳ ನಡುವೆ ನಡೆಯುತ್ತಿದ್ದ ರೈಲ್ವೇ ಕಪ್ಪನ್ನು ಮನ್‌ಸ್ಟರ್ ಪರ ಹದಿನೆಂಟು ಸಲ ಗೆದ್ದರು. ನಲವತ್ತು ದಾಟಿದ ಮೇಲೂ ಕ್ಲಬ್ಬಿಗೆ ಆಡುತ್ತಿದ್ದರು. 1979ರಲ್ಲಿ ತೀರಿಕೊಂಡಾಗ ಕಾರ್ಕ್ ನಗರವೇ ರಸ್ತೆಗಿಳಿಯಿತು. ಸಮಾಧಿಯ ಬಳಿ ಮಾತಾಡಿದವರು ಆಗಿನ ಪ್ರಧಾನಿ ಜ್ಯಾಕ್ ಲಿಂಚ್, ಅವರೂ ಗ್ಲೆನ್ ರೋವರ್ಸ್‌ನವರೇ, ರಿಂಗ್ ಜೊತೆ ಒಂದೇ ತಂಡದಲ್ಲಿ ಕಪ್ ಗೆದ್ದವರೇ.

ಹಾಗಾಗಿ ರಿಂಗ್ ಬಗ್ಗೆ ಅಜ್ಜ ಹೇಳುವುದು ಬರೀ ಊರಭಿಮಾನ ಅಲ್ಲ. ಆದರೆ "ಆಮೇಲೆ ಹರ್ಲಿಂಗೇ ಇಲ್ಲ" ಅನ್ನುವ ಭಾಗ ಸರಿಯಲ್ಲ. ಆ ಮಾತು ಹೇಗೆ ಹುಟ್ಟುತ್ತದೆ ಅನ್ನುವುದನ್ನು ಸ್ವಲ್ಪ ನೋಡಬೇಕು.

ಒಂದು, ಅಂದಿನ ಆಟವನ್ನು ನಾವು ನೋಡುವ ಹಾಗಿಲ್ಲ. ಐರ್ಲೆಂಡಿನ ಟಿವಿ ಶುರುವಾಗಿದ್ದೇ 1961ರ ಕೊನೆಯ ದಿನ. ಅಷ್ಟೊತ್ತಿಗೆ ರಿಂಗ್ ಕೌಂಟಿ ಆಟ ಮುಗಿಯುತ್ತಾ ಬಂದಿತ್ತು. ಅದಕ್ಕೆ ಮೊದಲು ಇದ್ದದ್ದು ರೇಡಿಯೋ. 1938ರಿಂದ ಮೈಕೆಲ್ ಓ'ಹೆಹಿರ್ ಅನ್ನುವವರ ದನಿ ಮನೆಮನೆಗೆ ಪಂದ್ಯ ತಂದಿತು, ರೇಡಿಯೋ ಇದ್ದವರ ಮನೆಯ ಕಿಟಕಿ ತೆಗೆದಿಟ್ಟರೆ ಅಂಗಳದಲ್ಲಿ ಊರೇ ನಿಂತು ಕೇಳುತ್ತಿತ್ತು. ಅಂದರೆ ರಿಂಗ್ ಹೊಡೆದ ಗೋಲನ್ನು ಬಹಳ ಜನ ಕಂಡದ್ದು ಕಿವಿಯಿಂದ. ಕಿವಿಯಿಂದ ಕಂಡ ಗೋಲಿನಲ್ಲಿ ಯಾವ ತಪ್ಪೂ ಇರುವುದಿಲ್ಲ ಅಲ್ವಾ. ಇವತ್ತಿನ ಆಟಗಾರ ಬಿಟ್ಟ ಕ್ಯಾಚನ್ನು ನಾವು ಫೋನಿನಲ್ಲಿ ಹತ್ತು ಸಲ ನೋಡುತ್ತೇವೆ.

ಎರಡನೆಯದು ಇನ್ನೂ ಮುಖ್ಯ. ಆಗ ಒಂದು ಪಂದ್ಯ ಸೋತರೆ ಆ ವರ್ಷದ ಚಾಂಪಿಯನ್‌ಷಿಪ್ ಮುಗಿಯಿತು. ಸೋತವರಿಗೆ ಇನ್ನೊಂದು ಅವಕಾಶ ಸಿಕ್ಕಿದ್ದೇ 1997ರಿಂದ. ಈಗ ಮನ್‌ಸ್ಟರ್‌ನಲ್ಲಿ ಕಾರ್ಕ್, ಕ್ಲೇರ್, ಲಿಮರಿಕ್, ಟಿಪ್ಪರರಿ, ವಾಟರ್‌ಫರ್ಡ್ ಐದೂ ತಂಡಗಳು ಒಂದಕ್ಕೊಂದು ಆಡುತ್ತವೆ, 2018ರಿಂದ ಹಾಗೆ. ಎಂಥ ಕೆಟ್ಟ ವರ್ಷವಾದರೂ ನಾಲ್ಕು ಪಂದ್ಯ ಗ್ಯಾರಂಟಿ. ರಿಂಗ್ ಕಾಲದಲ್ಲಿ ಒಬ್ಬ ದೊಡ್ಡ ಆಟಗಾರ ವರ್ಷಪೂರ್ತಿ ಕಾದು ಒಂದೇ ಪಂದ್ಯ ಆಡಿ ಮನೆಗೆ ಹೋಗಿರಬಹುದು. ಹಾಗಾಗಿ ಒಟ್ಟು ಎಷ್ಟು ಗೋಲು, ಎಷ್ಟು ಪಾಯಿಂಟು ಅಂತ ಪಟ್ಟಿ ಹಾಕಿ ಹಳಬರನ್ನೂ ಈಗಿನವರನ್ನೂ ಹೋಲಿಸುವುದು ಎರಡೂ ಕಡೆಯವರಿಗೂ ಅನ್ಯಾಯ.

ಮೂರನೆಯದಾಗಿ ಆಟವೇ ಬದಲಾಗಿದೆ. 1954ರ ಫೈನಲ್‌ನಲ್ಲಿ ಕಾರ್ಕ್ 1-9, ವೆಕ್ಸ್‌ಫರ್ಡ್ 1-6. ಇಲ್ಲಿ ಮೊದಲ ಅಂಕೆ ಗೋಲು, ಎರಡನೆಯದು ಅಡ್ಡಪಟ್ಟಿಯ ಮೇಲಿಂದ ಹೊಡೆದ ಪಾಯಿಂಟು, ಒಂದು ಗೋಲಿಗೆ ಮೂರು ಪಾಯಿಂಟು. ಅಂದರೆ ಗೆದ್ದವರು ಒಟ್ಟು 12. ಅದೇ 2021ರ ಫೈನಲ್‌ನಲ್ಲಿ ನಿಮ್ಮ ಲಿಮರಿಕ್ ಕಾರ್ಕ್ ಮೇಲೆ ಹೊಡೆದದ್ದು 3-32, ಒಟ್ಟು 41. ಪಂದ್ಯ ಆಗ 60 ನಿಮಿಷ, ಈಗ ಕೌಂಟಿ ಮಟ್ಟದಲ್ಲಿ 70. ಆದರೆ ಹತ್ತು ನಿಮಿಷಕ್ಕೆ ಇಷ್ಟು ವ್ಯತ್ಯಾಸ ಬರಲ್ಲ. ಸ್ಲಿಟರ್, ಅಂದರೆ ಚೆಂಡು, ಆಗ ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು. ಈಗಿನದು ಒದ್ದೆಯಾದರೂ ಹಾರುತ್ತದೆ. ಹರ್ಲಿ ಅಂದರೆ ಆಡುವ ಕೋಲು, ಅದರ ತುದಿ, ಚೆಂಡಿಗೆ ತಾಗುವ ಅಗಲ ಭಾಗ, ಈಗ ದೊಡ್ಡದು. ಮೊದಲು ಚೆಂಡನ್ನು ನೆಲದಲ್ಲೇ ಓಡುತ್ತಾ ಹೊಡೆಯುವುದು, ಗಾಳಿಯಲ್ಲಿರುವಾಗಲೇ ಎದುರಾಳಿಗೆ ಭುಜ ಕೊಟ್ಟು ಹೊಡೆಯುವುದು ಜಾಸ್ತಿ. ಈಗ ಕೈಗೆ ತೆಗೆದುಕೊಂಡು, ಒಬ್ಬರಿಂದೊಬ್ಬರಿಗೆ ಸಣ್ಣಸಣ್ಣ ಪಾಸ್ ಕೊಟ್ಟು, ಜಾಗ ನೋಡಿ ದೂರದಿಂದ ಪಾಯಿಂಟ್ ಹೊಡೆಯುತ್ತಾರೆ. ಹಳಬರ ಕಣ್ಣಿಗೆ ಇದು ಬೇರೆ ಆಟದ ಹಾಗೆ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ನೆಲದ ಹೊಡೆತ ಕಡಿಮೆಯಾದದ್ದಕ್ಕೆ ನನಗೂ ಬೇಸರವಿದೆ, ಅದು ನೋಡಲು ಬಹಳ ಚೆಂದ. ಆದರೆ ಮೈಯ ಲೆಕ್ಕದಲ್ಲಿ ಹೇಳುವುದಾದರೆ, ಇವತ್ತಿನ ಹುಡುಗರು ಒಂದು ಪಂದ್ಯದಲ್ಲಿ ಓಡುವ ಓಟ, ತಿರುಗುವ ವೇಗ, ಕೊಡುವ ಪೆಟ್ಟು ನೋಡಿದರೆ ಆಟ ಕುಗ್ಗಿದೆ ಅನ್ನುವ ಮಾತನ್ನು ನಾನಂತೂ ಒಪ್ಪಲ್ಲ.

ಹಾಗಾದರೆ ಯಾರು ದೊಡ್ಡವರು? ಕೇಳಿದ್ದೀರಿ, ನನ್ನ ಅಭಿಪ್ರಾಯ ಹೇಳುತ್ತೇನೆ. ಪದಕಗಳ ಲೆಕ್ಕದಲ್ಲಿ ಕಿಲ್ಕೆನಿಯ ಹೆನ್ರಿ ಶೆಫ್ಲಿನ್, ಬ್ಯಾಲಿಹೇಲ್ ಶ್ಯಾಮ್‌ರಾಕ್ಸ್ ಕ್ಲಬ್ಬಿನವರು, 2000ದಿಂದ 2014ರೊಳಗೆ ಹತ್ತು ಅಖಿಲ ಐರ್ಲೆಂಡ್ ಗೆದ್ದು ರಿಂಗ್ ಅವರನ್ನೂ, ಎಂಟು ಗೆದ್ದ ಟಿಪ್ಪರರಿಯ ಜಾನ್ ಡಾಯ್ಲ್ ಅವರನ್ನೂ ದಾಟಿದರು. ಆದರೂ ಒಬ್ಬರನ್ನೇ ಹೇಳಿ ಅಂದರೆ ನಾನು ರಿಂಗ್ ಅನ್ನುತ್ತೇನೆ. ಕಾರಣ ಎಂಟು ಪದಕವಲ್ಲ. ಎದುರಾಳಿಗಳು ಅವರನ್ನು ಹೇಗೆ ನಡೆಸಿಕೊಂಡರು ಅನ್ನುವುದು ಕಾರಣ. 1956ರ ಫೈನಲ್ ನೋಡಿ. ರಿಂಗ್ ಒಂಬತ್ತನೆಯ ಪದಕಕ್ಕೆ ಆಡುತ್ತಿದ್ದರು. ಕೊನೆಕೊನೆಗೆ ಅವರು ಹೊಡೆದ ಚೆಂಡನ್ನು ವೆಕ್ಸ್‌ಫರ್ಡ್ ಗೋಲಿ ಆರ್ಟ್ ಫೋಲಿ ತಡೆದರು, ವೆಕ್ಸ್‌ಫರ್ಡ್ 2-14, ಕಾರ್ಕ್ 2-8. ಸೀಟಿ ಊದಿದ ಮೇಲೆ ಗೆದ್ದ ತಂಡದ ನಿಕ್ ಓ'ಡೊನೆಲ್ ಮತ್ತು ಬಾಬಿ ರ್ಯಾಕರ್ಡ್ ಸೋತ ರಿಂಗ್ ಅವರನ್ನು ಹೆಗಲ ಮೇಲೆ ಕೂರಿಸಿಕೊಂಡು ಮೈದಾನದಿಂದ ಹೊರಗೆ ಕರೆದೊಯ್ದರು. ತಾವು ಗೆದ್ದ ಖುಷಿಯ ಮಧ್ಯೆ ಹೀಗೆ ಮಾಡಬೇಕಾದರೆ ಅವನೆಂಥ ಆಟಗಾರ ಇರಬೇಕು ಯೋಚಿಸಿ.

ಗುಂಡಪ್ಪ ವಿಶ್ವನಾಥ್ ಅವರನ್ನು ನೋಡಿದವರಿಗೆ ಸರಾಸರಿ ತೋರಿಸಿ ವಾದ ಮಾಡಿದರೆ ಅವರು ಒಪ್ಪುತ್ತಾರಾ? ಇದೂ ಹಾಗೇ.

ಇನ್ನೊಂದು ವಿಷಯ. ಅಜ್ಜ ಕಾರ್ಕ್‌ನವರು, ನೀವಿರುವುದು ಲಿಮರಿಕ್‌ನಲ್ಲಿ. ರಿಂಗ್ ಹೆಸರು ಬಂದ ಕೂಡಲೇ ನಿಮ್ಮ ಮಗ ಕೇಳಬೇಕಾದ ಹೆಸರು ಮಿಕ್ ಮ್ಯಾಕಿ. ಲಿಮರಿಕ್ ಕೌಂಟಿಯ ಅಹೇನ್ ಕ್ಲಬ್ಬಿನವರು. 1934, 1936, 1940ರಲ್ಲಿ ಲಿಮರಿಕ್ ಅಖಿಲ ಐರ್ಲೆಂಡ್ ಗೆದ್ದಾಗ ತಂಡದ ಜೀವ ಅವರೇ. ಲಿಮರಿಕ್‌ನ ಗೇಲಿಕ್ ಗ್ರೌಂಡ್ಸ್ ಮೈದಾನಕ್ಕೆ ನೀವು ಹೋದರೆ ಅಲ್ಲಿನ ಮ್ಯಾಕಿ ಸ್ಟ್ಯಾಂಡ್ ಅವರ ಹೆಸರಿನದ್ದು. ಚೆಂಡನ್ನು ಹರ್ಲಿಯ ಮೇಲೆ ಕೂರಿಸಿಕೊಂಡು ಎದುರಾಳಿಗಳ ನಡುವೆ ನುಗ್ಗಿ ಓಡುವುದರಲ್ಲಿ ಅವರಿಗೆ ಸಮ ಯಾರೂ ಇರಲಿಲ್ಲ ಎಂದು ಇಲ್ಲಿನ ಹಿರಿಯರು ಇಂದಿಗೂ ಹೇಳುತ್ತಾರೆ. 1944ರಲ್ಲಿ ಕಾರ್ಕ್ ಮತ್ತು ಲಿಮರಿಕ್ ಥರ್ಲೆಸ್‌ನಲ್ಲಿ ಮನ್‌ಸ್ಟರ್ ಫೈನಲ್ ಆಡಿದವು. ಯುದ್ಧದ ಕಾಲ, ಪೆಟ್ರೋಲ್ ಇಲ್ಲ. ಜನ ಸೈಕಲ್ ಹತ್ತಿ, ನಡೆದು, ಕುದುರೆಗಾಡಿ ಕಟ್ಟಿಕೊಂಡು ಬಂದರು. ಇವತ್ತಿಗೂ ಅದನ್ನು ಸೈಕಲ್ ಫೈನಲ್ ಅಂತಲೇ ಕರೆಯುತ್ತಾರೆ. ಮೊದಲ ಪಂದ್ಯ ಸಮ ಆಯಿತು. ಮರುಪಂದ್ಯದ ಕೊನೆಯಲ್ಲಿ ರಿಂಗ್ ತಮ್ಮ ಅರ್ಧದಿಂದ ಚೆಂಡು ಹಿಡಿದು ಓಡಿ ಗೋಲು ಹೊಡೆದರು, ಕಾರ್ಕ್ ಗೆದ್ದಿತು. ಅಜ್ಜ ಆ ಗೋಲಿನ ಕಥೆ ಹೇಳಿರುತ್ತಾರೆ. ಆ ದಿನ ಎದುರು ಬದಿಯಲ್ಲಿ ಮ್ಯಾಕಿ ಹೇಗೆ ಆಡಿದರು ಅಂತ ನಿಮ್ಮ ಮಗ ಕೇಳಲಿ. ಅಜ್ಜ ಖಂಡಿತ ಹೊಗಳುತ್ತಾರೆ, ಯಾಕೆಂದರೆ ಕಾರ್ಕ್‌ನವರಿಗೆ ಮ್ಯಾಕಿ ಬಗ್ಗೆ ದೊಡ್ಡ ಗೌರವ.

ಅವರಿಬ್ಬರ ಒಂದು ಫೋಟೋ ಇದೆ, ಹುಡುಕಿ ನೋಡಿ, ಲಿಮರಿಕ್‌ನ ಎಷ್ಟೋ ಪಬ್ಬುಗಳ ಗೋಡೆಯ ಮೇಲೇ ಸಿಗುತ್ತದೆ. 1957ರ ಮನ್‌ಸ್ಟರ್ ಚಾಂಪಿಯನ್‌ಷಿಪ್ ಪಂದ್ಯ. ರಿಂಗ್ ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡು ಕೈಗೆ ಬಟ್ಟೆ ಸುತ್ತಿಕೊಂಡು ಮೈದಾನದಿಂದ ಹೊರಗೆ ನಡೆಯುತ್ತಿದ್ದಾರೆ. ಗೋಲ್‌ಪೋಸ್ಟ್ ಪಕ್ಕದಲ್ಲಿ ಅಂಪೈರ್ ಆಗಿ ಬಿಳಿ ಕೋಟು ಹಾಕಿಕೊಂಡು ನಿಂತವರು ಮ್ಯಾಕಿ. ಮ್ಯಾಕಿ ಏನೋ ಅಂದಿದ್ದಾರೆ, ಮುಖದಲ್ಲಿ ನಗು. ರಿಂಗ್ ತಲೆ ತಿರುಗಿಸಿ ಏನೋ ಮರುಮಾತು ಹೇಳುತ್ತಿದ್ದಾರೆ. ಏನಂದರು ಅನ್ನುವುದನ್ನು ಇಬ್ಬರೂ ಬಾಯಿ ಬಿಡಲಿಲ್ಲ. ಇಲ್ಲಿ ಪ್ರತಿಯೊಬ್ಬರ ಹತ್ತಿರವೂ ಅದಕ್ಕೊಂದು ಊಹೆ ಇದೆ, ಅಜ್ಜನ ಹತ್ತಿರವೂ ಇರುತ್ತದೆ.

ಗೆದ್ದವರ ಕಥೆ ಮಾತ್ರ ಕೇಳಬೇಡಿ ಅನ್ನುವುದು ನನ್ನ ಮುಖ್ಯ ಮಾತು. ಲಿಮರಿಕ್ 1973ರಲ್ಲಿ ಗೆದ್ದದ್ದು ಬಿಟ್ಟರೆ ಮತ್ತೆ ಗೆದ್ದದ್ದು 2018ರಲ್ಲಿ. 45 ವರ್ಷ. ನಡುವೆ 1994ರ ಫೈನಲ್‌ನಲ್ಲಿ ಐದು ಪಾಯಿಂಟು ಮುಂದಿದ್ದಾಗ ಕೊನೆಯ ಐದು ನಿಮಿಷದಲ್ಲಿ ಆಫಲಿ ಎರಡು ಗೋಲು, ಐದು ಪಾಯಿಂಟು ಹೊಡೆದು ಗೆದ್ದುಬಿಟ್ಟಿತು. ಆ ದಿನ ಆಫಲಿ ತಂಡದ ಮ್ಯಾನೇಜರ್ ಯಾರು ಗೊತ್ತೇ? ಏಮನ್ ಕ್ರೆಗನ್, 1973ರಲ್ಲಿ ಲಿಮರಿಕ್ ಪರ ಕಪ್ ಗೆದ್ದ ತಂಡದವರೇ. ತಾನು ತಯಾರು ಮಾಡಿದ ತಂಡ ಗೆದ್ದರೂ ಸ್ವಂತ ಊರು ಹೀಗೆ ಸೋತದ್ದು ಕಂಡು ಅವರಿಗೆ ಖುಷಿಪಡಲು ಆಗಲಿಲ್ಲ. ಎರಡು ವರ್ಷದ ಮೇಲೆ 1996ರಲ್ಲಿ ಕ್ಲೇರ್ ವಿರುದ್ಧ ಕೊನೇ ಗಳಿಗೆಯಲ್ಲಿ ಕಿಯೆರಾನ್ ಕ್ಯಾರಿ ತನ್ನ ಅರ್ಧದಿಂದ ಚೆಂಡು ಹಿಡಿದು, ಮೈಮೇಲೆ ಬಿದ್ದವರನ್ನು ಕೊಡವಿಕೊಂಡು ಓಡಿ ಗೆಲುವಿನ ಪಾಯಿಂಟು ಹೊಡೆದರು. ಅದರ ವಿಡಿಯೋ ಇದೆ, ಇವತ್ತೇ ತೋರಿಸಿ. ಆ ವರ್ಷವೂ ಲಿಮರಿಕ್ ಫೈನಲ್ ಸೋತಿತು, ವೆಕ್ಸ್‌ಫರ್ಡ್ ಎದುರು. ಕ್ಯಾರಿ ಅವರಿಗೆ ಒಂದೂ ಅಖಿಲ ಐರ್ಲೆಂಡ್ ಪದಕವಿಲ್ಲ. ಆದರೆ ಲಿಮರಿಕ್‌ನಲ್ಲಿ ದೊಡ್ಡ ಆಟಗಾರರ ಹೆಸರು ಹೇಳಿ ಅಂದರೆ ಆ ಹೆಸರು ಬಾರದೇ ಇರಲ್ಲ. ಅವರ ಕ್ಲಬ್ ಪ್ಯಾಟ್ರಿಕ್ಸ್‌ವೆಲ್. ಅದೇ ಕ್ಲಬ್ಬಿನಿಂದ ಅವರ ಅಕ್ಕತಂಗಿಯರ ಮಗನೇ ಒಬ್ಬ ಬಂದ, ಕಿಯನ್ ಲಿಂಚ್. 2018ರಲ್ಲಿ ಲಿಮರಿಕ್ ಗೆದ್ದಾಗ ವರ್ಷದ ಅತ್ಯುತ್ತಮ ಹರ್ಲರ್ ಆದವನು ಅವನೇ, 2021ರಲ್ಲಿ ಮತ್ತೊಮ್ಮೆ. ಲಿಮರಿಕ್ 2020ರಿಂದ 2023ರವರೆಗೆ ಸತತ ನಾಲ್ಕು ಗೆದ್ದದ್ದು ನೀವೇ ಕಂಡಿರುತ್ತೀರಿ. ಮಾವ ಓಡಿದ ಓಟಕ್ಕೂ ಸೋದರಳಿಯ ಎತ್ತಿದ ಕಪ್ಪಿಗೂ ನಡುವೆ ಇರುವುದು ಒಂದು ಸಣ್ಣ ಊರಿನ ಮೈದಾನ. ಪದಕದ ಪಟ್ಟಿ ಓದಿದರೆ ಇದೆಲ್ಲಾ ಕಾಣಲ್ಲ.

ನಿಮ್ಮ ಹಿಂಜರಿಕೆಗೆ ಬರುತ್ತೇನೆ. ಹೊರಗಿನವರು ಒಂದು ಕೌಂಟಿಯ ಕಡೆ ನಿಲ್ಲಬಹುದಾ? ನಿಲ್ಲಬಹುದು. ಕಾರ್ಕ್ ಕೊನೆಯ ಸಲ ಕಪ್ ಗೆದ್ದದ್ದು 2005ರಲ್ಲಿ, ಆ ಕಪ್ ಎತ್ತಿದ ನಾಯಕ ಶಾನ್ ಓಗ್ ಓ ಹಾಲ್ಪೀನ್. ತಾಯಿ ಫಿಜಿ ದೇಶದ ರೊಟುಮಾ ದ್ವೀಪದವರು, ಅವನು ಹುಟ್ಟಿದ್ದು ಫಿಜಿಯಲ್ಲಿ, ಬೆಳೆದದ್ದು ಸಿಡ್ನಿಯಲ್ಲಿ, ಕಾರ್ಕ್‌ಗೆ ಬಂದದ್ದು ಹನ್ನೊಂದರ ಆಸುಪಾಸಿನಲ್ಲಿ. ನಿಮ್ಮ ಮಗನ ವಯಸ್ಸು ಹೆಚ್ಚುಕಡಿಮೆ. ಕಪ್ ಎತ್ತಿ ಭಾಷಣ ಮಾಡಿದ್ದು ಐರಿಷ್ ಭಾಷೆಯಲ್ಲಿ. ವೆಕ್ಸ್‌ಫರ್ಡ್ ತಂಡದ ಲೀ ಚಿನ್ ಅವರ ತಂದೆ ಮಲೇಷ್ಯಾ ಮೂಲದವರು. ಇರಾಕಿನ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದ ಕುರ್ದಿಶ್ ಹುಡುಗ ಝ್ಯಾಕ್ ಮೊರಾಡಿ ಲೀಟ್ರಿಮ್ ಪರ 2019ರಲ್ಲಿ ಕ್ರೋಕ್ ಪಾರ್ಕ್‌ನಲ್ಲಿ ಹರ್ಲಿಂಗ್‌ನ ಕೆಳಗಿನ ದರ್ಜೆಯ ಕೌಂಟಿಗಳ ಲೋರಿ ಮಾರ್ ಕಪ್ ಗೆದ್ದ. ಹಾಗಂತ ಎಲ್ಲಾ ಸಲೀಸು ಅಂತ ಹೇಳಿದರೆ ಸುಳ್ಳಾಗುತ್ತದೆ. ಬೌಂಡರಿ ಆಚೆಯಿಂದ ಬಣ್ಣದ ಬಗ್ಗೆ ಬೈಗುಳ ಬಂದದ್ದನ್ನು ಲೀ ಚಿನ್ ಬಹಿರಂಗವಾಗಿಯೇ ಹೇಳಿದ್ದಾರೆ. ಜಿಎಎ ನಿಯಮದಲ್ಲಿ ಅದು ಶಿಕ್ಷೆ ಇರುವ ತಪ್ಪು. ಅಂಥದ್ದೇನಾದರೂ ಮಗನ ಕಿವಿಗೆ ಬಿದ್ದರೆ "ಹೋಗಲಿ ಬಿಡು" ಅನ್ನಬೇಡಿ. ಅವತ್ತೇ ಕೋಚ್‌ಗೆ ಹೇಳಿ, ಕ್ಲಬ್‌ನಲ್ಲಿ ಮಕ್ಕಳ ರಕ್ಷಣೆಗೆ ಒಬ್ಬ ಅಧಿಕಾರಿ ಇರುತ್ತಾರೆ, ಅವರಿಗೆ ಬರವಣಿಗೆಯಲ್ಲಿ ಕೊಡಿ.

ಇನ್ನು ದಾರಿ. ಕೌಂಟಿಯನ್ನು ಮಾತ್ರ ಹಿಂಬಾಲಿಸುವುದು ಸುಲಭ. ಏಪ್ರಿಲ್‌ನಿಂದ ಜುಲೈವರೆಗೆ ಟಿವಿ ಹಾಕಿಕೊಂಡು ಕೂತರೆ ಆಯಿತು, ದೊಡ್ಡ ಪಂದ್ಯ, ದೊಡ್ಡ ಗಲಾಟೆ, ಒಂದೆರಡು ಸಲ ಗೇಲಿಕ್ ಗ್ರೌಂಡ್ಸ್‌ಗೆ ಹೋಗಿ ಬಂದರಂತೂ ಮೈ ಜುಂ ಅನ್ನುತ್ತದೆ. ಆದರೆ ಹೀಗೆ ಶುರು ಮಾಡಿದವರು ತಂಡ ಸೋಲಲು ಶುರುವಾದ ಕೂಡಲೇ ಬಿಟ್ಟುಬಿಡುವುದನ್ನು ನಾನು ನೋಡಿದ್ದೇನೆ. 2025ರ ಮನ್‌ಸ್ಟರ್ ಫೈನಲ್‌ನಲ್ಲಿ ಲಿಮರಿಕ್ ತನ್ನದೇ ಮೈದಾನದಲ್ಲಿ ಕಾರ್ಕ್‌ಗೆ ಪೆನಾಲ್ಟಿಯಲ್ಲಿ ಸೋತಿತಲ್ಲ, ಆಮೇಲೆ ಜೆರ್ಸಿ ಮಡಚಿಟ್ಟವರು ಇದ್ದಾರೆ. ಮಕ್ಕಳಿಗೆ ಇದು ಒಳ್ಳೇದಲ್ಲ.

ಕ್ಲಬ್ಬಿನಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ. 2022ರಿಂದ ವರ್ಷವನ್ನು ಎರಡು ಪಾಲು ಮಾಡಿದ್ದಾರೆ. ಜುಲೈನಲ್ಲಿ ಕೌಂಟಿ ಫೈನಲ್ ಮುಗಿಯುತ್ತದೆ, ಆಮೇಲೆ ಪೂರ್ತಿ ಕ್ಲಬ್ಬುಗಳ ಕಾಲ. ಟಿವಿಯಲ್ಲಿ ಕಂಡ ಹುಡುಗರು ನಿಮ್ಮ ಪಕ್ಕದ ಮೈದಾನದಲ್ಲಿ, ಬೇಲಿಯಿಂದ ಎರಡು ಮಾರು ದೂರದಲ್ಲಿ ಆಡುತ್ತಾರೆ. ಕೌಂಟಿಯಲ್ಲಿ ಒಟ್ಟಿಗೆ ಕಪ್ ಎತ್ತಿದ ಇಬ್ಬರು ಎದುರುಬದುರು ನಿಂತು ಭುಜಕ್ಕೆ ಭುಜ ಕೊಡುತ್ತಾರೆ. ಕೌಂಟಿ ಗೆದ್ದ ಕ್ಲಬ್ ಮನ್‌ಸ್ಟರ್‌ಗೆ ಹೋಗುತ್ತದೆ, ಅಲ್ಲಿ ಗೆದ್ದರೆ ಜನವರಿಯಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಫೈನಲ್. ಲಿಮರಿಕ್‌ನಿಂದ ಅದನ್ನು ಮೊದಲು ಗೆದ್ದದ್ದು ನಾ ಪಿಯರ್ಸಿ, 2016ರಲ್ಲಿ. ಈ ದಾರಿಯಲ್ಲೂ ತೊಂದರೆ ಇದೆ, ಮೊದಲೇ ಹೇಳುತ್ತೇನೆ. ಭಾನುವಾರಗಳು ಹೋಗುತ್ತವೆ. ಪಂದ್ಯದ ದಿನಾಂಕ ಕೊನೇ ಗಳಿಗೆಯಲ್ಲಿ ಬದಲಾಗುತ್ತದೆ, ನರ್ಸಿಂಗ್ ಶಿಫ್ಟ್ ಇಟ್ಟುಕೊಂಡು ಅದು ಕಷ್ಟ. ಕ್ಲಬ್ ನಡೆಯುವುದೇ ತಂದೆತಾಯಂದಿರ ಬಿಟ್ಟಿ ದುಡಿಮೆಯಿಂದ, ಹಾಗಾಗಿ ಚಹಾ ಮಾಡಲು, ಟಿಕೆಟ್ ಮಾರಲು, ಮಕ್ಕಳನ್ನು ಕಾರಿನಲ್ಲಿ ಕರೆದೊಯ್ಯಲು ಕೇಳುತ್ತಾರೆ. ಆದಷ್ಟು ಒಪ್ಪಿಕೊಳ್ಳಿ, ಆಗದಿದ್ದಾಗ ನೇರ ಹೇಳಿ. ಜೆರ್ಸಿ ಹಾಕಿಕೊಂಡವರು ಯಾರು ಎಂದು ಯಾರೂ ಗಮನಿಸಲ್ಲ, ಚಹಾದ ಪಾತ್ರೆ ತೊಳೆದವರು ಯಾರು ಅನ್ನುವುದನ್ನು ಖಂಡಿತ ಗಮನಿಸುತ್ತಾರೆ.

ಹಳೆಯ ಕಥೆಗಳನ್ನೂ ಹಾಗೇ ಸ್ಥಳದಿಂದ ಹಿಡಿಯಿರಿ. ಒಂದು ರಜಾದಿನ ಅಜ್ಜನನ್ನೂ ಕಾರಿನಲ್ಲಿ ಕೂರಿಸಿಕೊಂಡು ಕ್ಲಾಯ್ನ್‌ಗೆ ಹೋಗಿ ಬನ್ನಿ, ಅಲ್ಲಿ ರಿಂಗ್ ಪ್ರತಿಮೆ ಇದೆ. ಕಾರ್ಕ್ ನಗರದಲ್ಲಿ ಅವರ ಹೆಸರಿನ ಮೈದಾನ ಪಾರ್ಕ್ ಈ ರಿನ್ ಇದೆ. 1964ರಲ್ಲಿ ಗೇಲ್ ಲಿನ್ ಸಂಸ್ಥೆ ರಿಂಗ್ ಆಟದ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿಸಿತ್ತು, ಚೆಂಡನ್ನು ಎತ್ತುವುದು, ಹೊಡೆಯುವುದನ್ನು ಅವರೇ ಮಾಡಿ ತೋರಿಸುತ್ತಾರೆ. ಮಗ ನೋಡಲಿ, ಮಣಿಕಟ್ಟು ಹೇಗೆ ತಿರುಗುತ್ತದೆ ಅನ್ನುವುದನ್ನು ಗಮನಿಸಲಿ. ಅಜ್ಜನ ಹತ್ತಿರ "ಯಾರು ದೊಡ್ಡವರು" ಅಂತ ಕೇಳಿದರೆ ಒಂದೇ ಉತ್ತರ ಬರುತ್ತದೆ. "ನೀವು ಯಾವ ಕ್ಲಬ್ಬಿಗೆ ಆಡುತ್ತಿದ್ದಿರಿ, ನಿಮಗೆ ಎದುರು ನಿಲ್ಲುತ್ತಿದ್ದವರು ಯಾರು" ಅಂತ ಕೇಳಿ ನೋಡಿ. ಆ ಸಂಜೆ ನಿಮಗೆ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.

ಕೊನೆಗೆ ಯಜಮಾನರ ಭಯ, ಇದು ನನ್ನ ಕೆಲಸದ ವಿಷಯ. ಪೆಟ್ಟಾಗಲ್ಲ ಅಂತ ನಾನು ಹೇಳಲ್ಲ. ಈ ಆಟದಲ್ಲಿ ಜಾಸ್ತಿ ನೋಡುವುದು ಬೆರಳು, ಕೈ, ಮತ್ತೆ ದೊಡ್ಡವರಲ್ಲಿ ತೊಡೆಯ ಹಿಂದಿನ ಸ್ನಾಯು. ತಲೆ ಮತ್ತು ಕಣ್ಣಿನ ಪೆಟ್ಟು ಮೊದಲು ನಿಜಕ್ಕೂ ದೊಡ್ಡ ಸಮಸ್ಯೆ. ರಿಂಗ್ ಫೋಟೋದಲ್ಲಿ ತಲೆಗೆ ಬರೀ ಟೋಪಿ. 2010ರಿಂದ ಎಲ್ಲ ವಯಸ್ಸಿನವರಿಗೂ ಮುಖಕ್ಕೆ ಸರಳು ಇರುವ ಹೆಲ್ಮೆಟ್ ಕಡ್ಡಾಯ. ಐಎಸ್ 355 ಅನ್ನುವ ಗುರುತು ಇರುವುದನ್ನೇ ಕೊಳ್ಳಿ, ಅಳತೆ ಸರಿಯಾಗಿರಲಿ, ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ತೆಗೆದುಕೊಳ್ಳಬೇಡಿ. ಚೆನ್ನಾಗಿ ಕಾಣಲಿ ಎಂದು ಕೆಲವು ಹುಡುಗರು ಸರಳುಗಳನ್ನು ಬಗ್ಗಿಸುತ್ತಾರೆ, ಕತ್ತರಿಸುತ್ತಾರೆ. ಹರ್ಲಿಯ ತುದಿ ನೇರ ಕಣ್ಣಿಗೆ ಹೋಗುವುದು ಹೀಗೇ. ಹರ್ಲಿಯ ಉದ್ದವೂ ಮುಖ್ಯ. ಮಗ ನೇರ ನಿಂತಾಗ ನೆಲದಿಂದ ಸೊಂಟದ ಮೂಳೆಯವರೆಗೆ ಬಂದರೆ ಸಾಕು. ಉದ್ದದ್ದು ಕೊಟ್ಟರೆ ಬೀಸಲು ತಡವಾಗುತ್ತದೆ, ಮಣಿಕಟ್ಟು ನೋಯುತ್ತದೆ. ಮಕ್ಕಳಿಗೆ ಸಣ್ಣ, ಹಗುರ ಚೆಂಡೇ ಕೊಡುತ್ತಾರೆ. ದೊಡ್ಡವರ ಸ್ಲಿಟರ್ 110ರಿಂದ 120 ಗ್ರಾಂ, ನಮ್ಮ ಕ್ರಿಕೆಟ್ ಲೆದರ್ ಚೆಂಡಿಗಿಂತ ಕಡಿಮೆ ತೂಕ. ಇನ್ನೊಂದು, ಹರ್ಲಿ ಮಾಡುವ ಆ್ಯಷ್ ಮರಕ್ಕೆ 2012ರಿಂದ ಇಲ್ಲಿ ರೋಗ ಬಿದ್ದು ಮರದ ಹರ್ಲಿ ದುಬಾರಿಯಾಗುತ್ತಿದೆ. ಬಿದಿರಿನದ್ದು, ಸಿಂಥೆಟಿಕ್‌ನದ್ದು ಸಿಗುತ್ತದೆ, ಕಲಿಯುವ ಮಗುವಿಗೆ ಏನೂ ತೊಂದರೆ ಇಲ್ಲ.

ನೋಡುವವರಿಗೆ ಉಲ್ಟಾ ಅನಿಸುವ ಒಂದು ವಿಷಯ ಹೇಳಲೇಬೇಕು. ಕೋಲು ಬೀಸುವವನಿಂದ ದೂರ ನಿಂತರೆ ಕ್ಷೇಮ ಎಂದುಕೊಳ್ಳುತ್ತೇವೆ. ಹರ್ಲಿಂಗ್‌ನಲ್ಲಿ ಪೆಟ್ಟಾಗುವುದು ಒಂದು ಮಾರು ದೂರದಲ್ಲಿ ಹಿಂಜರಿದು ನಿಂತವನಿಗೆ, ಯಾಕೆಂದರೆ ಪೂರ್ತಿ ಬೀಸಿದ ಹರ್ಲಿ ತಲುಪುವುದು ಅಲ್ಲಿಗೇ. ಮೈಗೆ ಮೈ ತಾಗಿಸಿ ಒಳಗೆ ಹೋದವನಿಗೆ ಬೀಸಲು ಜಾಗವೇ ಇರಲ್ಲ. ಒಳ್ಳೆಯ ಕೋಚ್ ಮೊದಲ ವರ್ಷವೇ ಇದನ್ನು ಕಲಿಸುತ್ತಾರೆ: ತಡೆಯಬೇಕಾದರೆ ಹತ್ತಿರ ಹೋಗು, ಕ್ಯಾಚ್ ಹಿಡಿಯಬೇಕಾದರೆ ಇನ್ನೊಂದು ಕೈಯ ಹರ್ಲಿಯಿಂದ ಬೆರಳಿಗೆ ಅಡ್ಡ ಕೊಡು. ನಿಮ್ಮ ಕೋಚ್ ಇದನ್ನು ಕಲಿಸುತ್ತಿದ್ದಾರಾ ಅಂತ ಹೋಗಿ ನೋಡಿ, ಕಲಿಸದಿದ್ದರೆ ಕೇಳಿ. ಬೆರಳು ಊದಿ ಎರಡು ದಿನವಾದರೂ ಮಡಚಲು ಆಗದಿದ್ದರೆ ಎಕ್ಸ್‌ರೇ ಮಾಡಿಸಿ, ಎಣ್ಣೆ ಹಚ್ಚಿ ನೀವಬೇಡಿ. ತಲೆಗೆ ಪೆಟ್ಟಾಗಿ ಮಂಕಾದರೆ ಅವತ್ತಿನ ಆಟ ಅಲ್ಲಿಗೆ ಮುಗಿಯಿತು, ಯಾರು ಏನೇ ಹೇಳಲಿ. ನರ್ಸ್ ಆದ ನಿಮಗೆ ಇದನ್ನು ಹೆಚ್ಚು ಹೇಳಬೇಕಿಲ್ಲ.

ಯಜಮಾನರನ್ನು ಮುಂದಿನ ತಾಲೀಮಿಗೆ ಕರೆದುಕೊಂಡು ಹೋಗಿ. ಗೋಲಿನ ಹಿಂದೆ ನಿಲ್ಲಿಸಬೇಡಿ, ಅಲ್ಲಿ ಚೆಂಡು ಬರುತ್ತದೆ. ಮೈದಾನದ ನಡುಗೆರೆಯ ನೇರಕ್ಕೆ, ಬೇಲಿಯ ಪಕ್ಕ ನಿಲ್ಲಲಿ. ಮಕ್ಕಳು ಒಬ್ಬರ ಮೇಲೊಬ್ಬರು ಎಷ್ಟು ಹತ್ತಿರ ಹೋಗುತ್ತಾರೆ ಅನ್ನುವುದು ಅಲ್ಲಿಂದ ಸರಿಯಾಗಿ ಕಾಣುತ್ತದೆ.